ಹೋಲ್ಟ್‌ವಿಲ್‌ಗೆ ಹೋಗುವವರು ಪದೇ ಪದೇ ಕೇಳುವ ಪ್ರಶ್ನೆಗಳು

ಸ್ಯಾನ್ ಡಿಯಾಗೊದಲ್ಲಿರುವ ನಮ್ಮ ಮನೆಗೆ ಚಳಿಗಾಲದಲ್ಲಿ ಊರಿನಿಂದ ಹಿರಿಯರು ಬಂದರೆ, ಅವರಿಗೆ ಕಡಲತೀರ ತೋರಿಸಿದ ಮೇಲೆ ಹೋಲ್ಟ್‌ವಿಲ್‌ಗೆ ಕರೆದುಕೊಂಡು ಹೋಗುವುದು ನನ್ನ ರೂಢಿ. ಬೇಸಾಯ ಬಲ್ಲವರಿಗೆ ಆ ಊರು ಮನಸ್ಸಿಗೆ ಹಿಡಿಸುತ್ತದೆ. ಪರಿಚಿತರು ನಮ್ಮಂತೆಯೇ ಅಲ್ಲಿಗೆ ಹೋಗಲು ಬಯಸಿ ಕೇಳಿದ ಪ್ರಶ್ನೆಗಳನ್ನು, ಅವುಗಳಿಗೆ ನಾನು ಕೊಡುವ ಉತ್ತರಗಳ ಜೊತೆಗೆ ಇಲ್ಲಿ ಬರೆದಿದ್ದೇನೆ.

ಹೋಲ್ಟ್‌ವಿಲ್ ಎಲ್ಲಿದೆ? ಅದು ಎಂಥ ಊರು?

ಕ್ಯಾಲಿಫೋರ್ನಿಯಾದ ಆಗ್ನೇಯ ಮೂಲೆಯಲ್ಲಿ, ಮೆಕ್ಸಿಕೊದ ಗಡಿಯಿಂದ ಹದಿನೈದು ಕಿಲೋಮೀಟರಿನ ಆಸುಪಾಸಿನಲ್ಲಿ, ಇಂಪೀರಿಯಲ್ ಕಣಿವೆಯ ಪೂರ್ವ ಅಂಚಿನಲ್ಲಿರುವ ಸಣ್ಣ ಕೃಷಿ ಪಟ್ಟಣವಿದು. 2020ರ ಜನಗಣತಿಯಂತೆ ಇಲ್ಲಿನ ಜನಸಂಖ್ಯೆ ಸುಮಾರು 5,600. ಅವರಲ್ಲಿ ಹೆಚ್ಚಿನವರು ಮೆಕ್ಸಿಕನ್ ಮೂಲದವರು. ಡಬ್ಲ್ಯೂ. ಎಫ್. ಹೋಲ್ಟ್ ಎಂಬ ಉದ್ಯಮಿ 1903ರಲ್ಲಿ ಈ ಊರಿಗೆ ಅಸ್ತಿವಾರ ಹಾಕಿದಾಗ ಇದರ ಹೆಸರು ಹೋಲ್ಟನ್ ಎಂದಿತ್ತು. ಅದೇ ರಾಜ್ಯದ ಕೋಲ್ಟನ್ ಎಂಬ ಊರಿನೊಂದಿಗೆ ಗೊಂದಲವಾಗುತ್ತದೆಂಬ ಕಾರಣಕ್ಕೆ ಅದನ್ನು ಹೋಲ್ಟ್‌ವಿಲ್ ಎಂದು ಬದಲಾಯಿಸಲಾಯಿತು. 1908ರಲ್ಲಿ ಅದಕ್ಕೆ ನಗರಾಡಳಿತ ಬಂತು. ಊರಿನ ನಡುವೆ ಹೋಲ್ಟ್ ಪಾರ್ಕ್ ಎಂಬ ಮರದ ನೆರಳಿನ ಚೌಕವಿದೆ, ಅದರ ಸುತ್ತ ಅಂಗಡಿ, ಹೋಟೆಲು, ಕಚೇರಿಗಳಿವೆ. ಅರ್ಧ ಗಂಟೆ ನಡೆದರೆ ಊರು ಮುಗಿದು ಹೊಲ ಶುರುವಾಗುತ್ತದೆ. ಇಡೀ ಊರು ಸಮುದ್ರಮಟ್ಟಕ್ಕಿಂತ ಸುಮಾರು ಮೂರು ಮೀಟರ್ ಕೆಳಗಿದೆ.

ಊರಿನವರು ತಮ್ಮ ಪಟ್ಟಣವನ್ನು ಜಗತ್ತಿನ ಗಜ್ಜರಿ ರಾಜಧಾನಿ ಎಂದು ಕರೆದುಕೊಳ್ಳುತ್ತಾರೆ. ನಮ್ಮ ಉತ್ತರ ಕರ್ನಾಟಕದವರಿಗೆ ಆ ಹೆಸರು ಹೇಳಿದರೆ ಮುಖ ಅರಳುವುದನ್ನು ನಾನು ಕಂಡಿದ್ದೇನೆ.

ವರ್ಷಕ್ಕೆ ಮೂರು ಇಂಚು ಮಳೆಯೂ ಬೀಳದ ಮರುಭೂಮಿಯಲ್ಲಿ ಬೇಸಾಯ ನಡೆಯುವುದು ಹೇಗೆ?

ಈ ಪ್ರಶ್ನೆಯ ಉತ್ತರ ತಿಳಿಯದೆ ಅಲ್ಲಿಗೆ ಹೋದರೆ ಕಣ್ಣಿಗೆ ಹಸಿರು ಕಾಣುತ್ತದೆಯೇ ಹೊರತು ಊರು ಕಾಣುವುದಿಲ್ಲ. ಆದ್ದರಿಂದ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಕೊಲೊರಾಡೊ ನದಿ ಸಾವಿರಾರು ವರ್ಷ ಹೊತ್ತು ತಂದ ಮೆಕ್ಕಲು ಮಣ್ಣು ಈ ತಗ್ಗಿನಲ್ಲಿ ತುಂಬಿಕೊಂಡಿದೆ. ಮಣ್ಣು ಫಲವತ್ತಾಗಿತ್ತು, ಬಿಸಿಲು ಬೇಕಾದಷ್ಟಿತ್ತು, ಇಲ್ಲದ್ದು ನೀರು ಮಾತ್ರ. 1901ರಲ್ಲಿ ಖಾಸಗಿ ಕಂಪನಿಯೊಂದು ಮೆಕ್ಸಿಕೊದ ನೆಲದ ಮೂಲಕ ಹಾಯುವ ಕಾಲುವೆಯಿಂದ ಮೊದಲ ಬಾರಿಗೆ ನೀರು ತಂದಿತು. ಆ ಕಾಲುವೆ ಹೂಳು ತುಂಬಿ ಕಟ್ಟಿಕೊಂಡಾಗ ನದಿಯ ದಂಡೆಯಲ್ಲಿ ಹೊಸ ತೂಬು ಕೊರೆದರು. 1905ರಲ್ಲಿ ಪ್ರವಾಹ ಬಂದು ಆ ಬಾಯಿ ಕಿತ್ತುಹೋಯಿತು, ನದಿ ತನ್ನ ದಾರಿಯನ್ನೇ ಬಿಟ್ಟು ಕಣಿವೆಗೆ ನುಗ್ಗಿತು. ರೈಲ್ವೆ ಕಂಪನಿಯವರು ಬಂಡೆಗಲ್ಲು ಸುರಿದು 1907ರಲ್ಲಿ ಒಡಕನ್ನು ಮುಚ್ಚುವಷ್ಟರಲ್ಲಿ ಕಣಿವೆಯ ಅತ್ಯಂತ ತಗ್ಗಿನಲ್ಲಿ ಸಾಲ್ಟನ್ ಸರೋವರ ನಿಂತಿತ್ತು. ಅದು ಇಂದಿಗೂ ಇದೆ.

ಈಗ ನೀರು ಬರುವುದು ಆಲ್ ಅಮೆರಿಕನ್ ಕಾಲುವೆಯಿಂದ. ಮೆಕ್ಸಿಕೊದ ನೆಲವನ್ನು ಮುಟ್ಟದೆ ಗಡಿಯ ಈಚೆಯಲ್ಲೇ ಸಾಗುವುದರಿಂದ ಅದಕ್ಕೆ ಆ ಹೆಸರು ಬಂದಿದೆ. ಯೂಮಾ ನಗರದ ಮೇಲ್ಭಾಗದಲ್ಲಿರುವ ಇಂಪೀರಿಯಲ್ ಅಣೆಕಟ್ಟೆಯಿಂದ ಹೊರಟು ಸುಮಾರು 130 ಕಿಲೋಮೀಟರ್ ಹರಿಯುವ ಈ ಕಾಲುವೆಯನ್ನು 1930ರ ದಶಕದಲ್ಲಿ ಕಟ್ಟತೊಡಗಿದರು; 1942ರ ಹೊತ್ತಿಗೆ ಕಣಿವೆ ಸಂಪೂರ್ಣವಾಗಿ ಅದರ ನೀರನ್ನೇ ನಂಬಿಕೊಂಡಿತ್ತು. 1911ರಲ್ಲಿ ರೂಪುಗೊಂಡ ಇಂಪೀರಿಯಲ್ ನೀರಾವರಿ ಜಿಲ್ಲೆ ಎಂಬ ಸಾರ್ವಜನಿಕ ಸಂಸ್ಥೆ ಇದರ ಉಸ್ತುವಾರಿ ನೋಡುತ್ತದೆ. ಅದರ ಪಾಲಿಗಿರುವ ಕೊಲೊರಾಡೊ ನೀರು ವರ್ಷಕ್ಕೆ 31 ಲಕ್ಷ ಎಕರೆ-ಅಡಿ (ಒಂದು ಎಕರೆಯಲ್ಲಿ ಒಂದು ಅಡಿ ಎತ್ತರಕ್ಕೆ ನಿಲ್ಲುವ ನೀರು ಒಂದು ಎಕರೆ-ಅಡಿ). ನಮ್ಮ ಲೆಕ್ಕದಲ್ಲಿ ಹೇಳುವುದಾದರೆ ಅದು ಸುಮಾರು 135 ಟಿಎಂಸಿ, ಅಂದರೆ ತುಂಗಭದ್ರಾ ಜಲಾಶಯವನ್ನು ಕಟ್ಟಿದಾಗ ಅದರಲ್ಲಿ ಹಿಡಿಯುತ್ತಿದ್ದಷ್ಟು ನೀರು. ಇಷ್ಟು ನೀರಿನಿಂದ ಸುಮಾರು ನಾಲ್ಕೂವರೆ ಲಕ್ಷ ಎಕರೆ ಅಚ್ಚುಕಟ್ಟು ಸಾಗುವಳಿಯಾಗುತ್ತದೆ.

ರೈತ ತನಗೆ ಬೇಕಾದ ನೀರಿಗೆ ಮುಂಚಿತವಾಗಿ ಬೇಡಿಕೆ ಸಲ್ಲಿಸುತ್ತಾನೆ. ತೂಬು ಎತ್ತಿ ಅಳತೆಯಂತೆ ನೀರು ಬಿಡುವ ನೌಕರನನ್ನು ಅಲ್ಲಿ ಇಂದಿಗೂ ಸ್ಪ್ಯಾನಿಷ್ ಹೆಸರಿನಿಂದ ಸಾಂಹೆರೊ ಎನ್ನುತ್ತಾರೆ. ನಮ್ಮ ಕೆರೆ ಊರುಗಳ ನೀರುಗಂಟಿಯ ಕೆಲಸವೇ ಅವನದು. ಕೊಲೊರಾಡೊ ನೀರಿನಲ್ಲಿ ಉಪ್ಪು ಹೆಚ್ಚು, ಎಕರೆ-ಅಡಿಗೆ ಹೆಚ್ಚುಕಡಿಮೆ ಒಂದು ಟನ್ ಬರುತ್ತದೆ. ಅದು ಹೊಲದಲ್ಲೇ ಉಳಿದರೆ ಮಣ್ಣು ಸವುಳಾಗಿ ಹೋಗುತ್ತದೆಂದು ನೆಲದಡಿಯಲ್ಲಿ ತೂತುಗಳಿರುವ ಕೊಳವೆಗಳನ್ನು ಹೂತು, ಉಪ್ಪನ್ನು ತೊಳೆದ ನೀರನ್ನು ಬಸಿಗಾಲುವೆಗೆ ಇಳಿಸುತ್ತಾರೆ. ಊರಿನ ಪಕ್ಕದಲ್ಲಿ ಹರಿಯುವ ಆಲಮೊ ಹೊಳೆ ಈ ಬಸಿನೀರನ್ನು ಸಾಲ್ಟನ್ ಸರೋವರಕ್ಕೆ ಒಯ್ಯುತ್ತದೆ. ಸಿಂಧನೂರು, ಗಂಗಾವತಿ ಕಡೆಯ ಅಚ್ಚುಕಟ್ಟಿನಲ್ಲಿ ಜವುಳು ಹಿಡಿದ ಹೊಲ ನೋಡಿದವರು ಈ ಬಸಿಗಾಲುವೆಗಳನ್ನು ತಪ್ಪದೆ ನೋಡಬೇಕು. ಪ್ರವಾಸಿಗಳು ದಾಟಿಕೊಂಡು ಹೋಗುವ ಆ ಹಳ್ಳಗಳೇ ಕಣಿವೆಯನ್ನು ಉಳಿಸಿವೆ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಯಾವ ತಿಂಗಳಲ್ಲಿ ಹೋಗುವುದು ಒಳ್ಳೆಯದು?

ಡಿಸೆಂಬರಿನಿಂದ ಮಾರ್ಚ್‌ವರೆಗೆ. ಆಗ ಹಗಲು ಹಿತವಾಗಿರುತ್ತದೆ, ಬೆಳಗಿನ ಜಾವ ಸ್ವೆಟರ್ ಬೇಕಾಗುತ್ತದೆ. ಅಮೆರಿಕದ ಉಳಿದ ಭಾಗ ಹಿಮದಲ್ಲಿರುವಾಗ ದೇಶಕ್ಕೆ ಬೇಕಾದ ಸೊಪ್ಪು ತರಕಾರಿಯ ಬಹುಪಾಲು ಈ ಕಣಿವೆಯಿಂದಲೂ ನೆರೆಯ ಯೂಮಾದಿಂದಲೂ ಹೋಗುತ್ತದೆ. ಲೆಟ್ಯೂಸ್, ಬ್ರಾಕೊಲಿ, ಪಾಲಕ್, ಎಲೆಕೋಸು, ಗಜ್ಜರಿ ಎಲ್ಲವೂ ಹೊಲದಲ್ಲಿರುವ ಕಾಲವದು. ಜನವರಿ ಕೊನೆಯಿಂದ ಫೆಬ್ರವರಿ ನಡುವಿನ ದಿನಗಳಲ್ಲಿ ಗಜ್ಜರಿ ಹಬ್ಬ ನಡೆಯುತ್ತದೆ. 1947ರಿಂದ ಬಂದಿರುವ ಈ ಹಬ್ಬದಲ್ಲಿ ಮೆರವಣಿಗೆಯೂ ಗಜ್ಜರಿಯ ಅಡುಗೆ ಸ್ಪರ್ಧೆಯೂ ಇರುತ್ತವೆ. ಪ್ರತಿವರ್ಷದ ದಿನಾಂಕ ಬೇರೆಯಾದ್ದರಿಂದ ಹೊರಡುವ ಮೊದಲು ವಿಚಾರಿಸಿಕೊಳ್ಳಿ.

ಮೇ ತಿಂಗಳಲ್ಲಿ ಈರುಳ್ಳಿ, ಕರಬೂಜ, ಸಿಹಿಜೋಳದ ಕೊಯ್ಲು ಇರುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ದಯವಿಟ್ಟು ಹೋಗಬೇಡಿ. ತಾಪಮಾನ 43 ಡಿಗ್ರಿ ದಾಟುವುದು ಅಲ್ಲಿ ಸಾಮಾನ್ಯ ಸಂಗತಿ, ಕಾಲುವೆ ನೀರಿನಿಂದ ಸೆಕೆಯೂ ಸೇರಿಕೊಳ್ಳುತ್ತದೆ. ವಯಸ್ಸಾದವರನ್ನೂ ಮಕ್ಕಳನ್ನೂ ಅಂಥ ಬಿಸಿಲಿಗೆ ಒಡ್ಡುವುದು ತಪ್ಪು.

ಅಲ್ಲಿಗೆ ಹೋಗುವ ದಾರಿ ಯಾವುದು?

ಸ್ಯಾನ್ ಡಿಯಾಗೊದಿಂದ ಎಂಟನೇ ಅಂತರರಾಜ್ಯ ಹೆದ್ದಾರಿ ಹಿಡಿದು ಪೂರ್ವಕ್ಕೆ ಸುಮಾರು 200 ಕಿಲೋಮೀಟರ್, ಎರಡು ಗಂಟೆಯ ಪಯಣ. ಲಾಸ್ ಏಂಜಲೀಸ್‌ನಿಂದ ನಾಲ್ಕು ಗಂಟೆ ಬೇಕು, ಯೂಮಾದಿಂದ ಒಂದು ಗಂಟೆ ಸಾಕು. ಹೆದ್ದಾರಿ 1,200 ಮೀಟರಿಗೂ ಹೆಚ್ಚು ಎತ್ತರದ ಬೆಟ್ಟವನ್ನೇರಿ, ಬರಿಯ ಬಂಡೆಗಳ ಕಣಿವೆಯೊಳಗೆ ಕಡಿದಾಗಿ ಇಳಿಯುತ್ತದೆ. ಆ ಇಳಿಜಾರಿನಲ್ಲಿ ಗಾಳಿ ಬಲವಾಗಿ ಬೀಸುವ ದಿನಗಳಲ್ಲಿ ಎತ್ತರದ ವಾಹನಗಳಿಗೆ ಎಚ್ಚರಿಕೆ ಕೊಡುತ್ತಾರೆ. ಗಾಳಿ ತಗ್ಗುವ ತನಕ ಕಾಯುವುದು ಕ್ಷೇಮ. ಸಾರ್ವಜನಿಕ ಬಸ್ಸನ್ನು ನೆಚ್ಚಿಕೊಂಡು ಹೊಲಗಳ ನಡುವೆ ಸುತ್ತಾಡುವುದು ಸಾಧ್ಯವಿಲ್ಲ, ಸ್ವಂತ ಅಥವಾ ಬಾಡಿಗೆ ಕಾರು ಬೇಕೇ ಬೇಕು.

ಯೂಮಾ ಇರುವುದು ಅರಿಜೋನಾ ರಾಜ್ಯದಲ್ಲಿ. ಆ ರಾಜ್ಯ ಗಡಿಯಾರವನ್ನು ಬದಲಾಯಿಸುವುದಿಲ್ಲ. ಹೀಗಾಗಿ ಚಳಿಗಾಲದಲ್ಲಿ ಅಲ್ಲಿನ ಸಮಯ ಹೋಲ್ಟ್‌ವಿಲ್‌ಗಿಂತ ಒಂದು ಗಂಟೆ ಮುಂದಿರುತ್ತದೆ. ಗಡಿಯ ಹತ್ತಿರ ಮೊಬೈಲು ತಾನಾಗಿ ಮೆಕ್ಸಿಕೊದ ಗೋಪುರಕ್ಕೆ ಜೋಡಿಕೊಳ್ಳುವುದೂ ಉಂಟು, ಬಿಲ್ಲಿನ ಬಗ್ಗೆ ಎಚ್ಚರವಿರಲಿ.

ಉಳಿದುಕೊಳ್ಳುವುದೆಲ್ಲಿ?

ಹದಿನೇಳು ಕಿಲೋಮೀಟರ್ ಪಶ್ಚಿಮಕ್ಕಿರುವ ಎಲ್ ಸೆಂಟ್ರೊ ಈ ಜಿಲ್ಲೆಯ ಕೇಂದ್ರ, ವಸತಿಗೃಹಗಳೆಲ್ಲ ಅಲ್ಲಿವೆ. ಹಬ್ಬದ ವಾರಾಂತ್ಯಗಳಲ್ಲಿ ಮೊದಲೇ ಕಾಯ್ದಿರಿಸಿ.

ಶುದ್ಧ ಸಸ್ಯಾಹಾರಿಗಳಿಗೆ ಊಟ ಸಿಗುತ್ತದೆಯೇ?

ಸಿಗುತ್ತದೆ, ಆದರೆ ಕೇಳಿ ತಿಳಿದು ತಿನ್ನಬೇಕು. ಇಲ್ಲಿನ ಹೋಟೆಲುಗಳಲ್ಲಿ ಮೆಕ್ಸಿಕನ್ ಅಡುಗೆಯೇ ಮುಖ್ಯ, ಅದು ಬಹಳ ರುಚಿಯಾಗಿರುತ್ತದೆ. ತೊಡಕಿರುವುದು ಕಣ್ಣಿಗೆ ಕಾಣದ ಪದಾರ್ಥಗಳಲ್ಲಿ. ಅರೆದ ಬೀನ್ಸ್ ಕಾಳಿನ ಪಲ್ಯವನ್ನು ಹಂದಿಯ ಕೊಬ್ಬಿನಲ್ಲಿ ಬಾಡಿಸುವ ಪದ್ಧತಿಯಿದೆ, ಗೋಧಿಯ ತೊರ್ತಿಯಾ ಎಂಬ ರೊಟ್ಟಿಗೂ ಅದೇ ಕೊಬ್ಬನ್ನು ಕಲಸುವುದುಂಟು, ಕೆಂಪು ಅನ್ನವನ್ನು ಕೋಳಿಯ ಸಾರಿನಲ್ಲಿ ಬೇಯಿಸುತ್ತಾರೆ. ಮಾಂಸ ಬೇಡವೆಂದಷ್ಟೇ ಹೇಳಿದರೆ ಇವು ಬಿಟ್ಟುಹೋಗುವುದಿಲ್ಲ. 'ಸಿನ್ ಮಾಂತೇಕಾ' ಎಂದರೆ ಹಂದಿಕೊಬ್ಬು ಬೇಡ, 'ಸಿನ್ ಕಾಲ್ದೊ ದೆ ಪೊಯೊ' ಎಂದರೆ ಕೋಳಿಸಾರು ಬೇಡ. ಈ ಎರಡು ಮಾತು ಕಲಿತುಕೊಂಡರೆ ಸಾಕು, ಬಡಿಸುವವರು ಪ್ರೀತಿಯಿಂದಲೇ ವಿಚಾರಿಸಿ ಹೇಳುತ್ತಾರೆ. ಮೆಕ್ಕೆಜೋಳದ ತೊರ್ತಿಯಾ, ಇಡೀ ಕಾಳಿನ ಸಾರು, ಪಾಪಾಸುಕಳ್ಳಿಯ ಎಲೆಯ ಪಲ್ಯ, ಬೆಣ್ಣೆಹಣ್ಣಿನ ಗೊಜ್ಜು ಇವನ್ನು ಕೇಳಿ ನೋಡಿ. ಒಳಗೆ ಚೀಸ್ ತುಂಬಿ ಕರಿದ ಮೆಣಸಿನಕಾಯಿಯನ್ನು ನಮ್ಮವರು ಬಜ್ಜಿಯೆಂದು ಭಾವಿಸಿ ತರಿಸುತ್ತಾರೆ. ಅದರ ಹಿಟ್ಟು ಮೊಟ್ಟೆಯದು.

ಹೊಲಗಳ ಒಳಗೆ ಹೋಗಿ ನೋಡಬಹುದೇ? ಫೋಟೊ ತೆಗೆಯಬಹುದೇ?

ರಸ್ತೆಯ ಬದಿಯಲ್ಲಿ, ಲಾರಿಗಳಿಗೆ ದಾರಿ ಬಿಟ್ಟು ಕಾರು ನಿಲ್ಲಿಸಿ ನೋಡಬಹುದು. ಮಾಲೀಕರ ಒಪ್ಪಿಗೆಯಿಲ್ಲದೆ ಬದುವನ್ನು ದಾಟಬಾರದು. ಇದು ಖಾಸಗಿ ಆಸ್ತಿಯ ಪ್ರಶ್ನೆ ಮಾತ್ರವಲ್ಲ. ಲೆಟ್ಯೂಸ್, ಪಾಲಕ್‌ಗಳನ್ನು ಜನ ಹಸಿಯಾಗಿಯೇ ತಿನ್ನುತ್ತಾರೆ. 2018ರಲ್ಲಿ ಯೂಮಾ ಪ್ರದೇಶದ ರೊಮೇನ್ ಲೆಟ್ಯೂಸಿನಿಂದ ಇ. ಕೊಲೈ ಸೋಂಕು ಹರಡಿ 210 ಜನ ಕಾಯಿಲೆ ಬಿದ್ದರು, ಐವರು ಸತ್ತರು. ಅದೇ ಸೂಕ್ಷ್ಮಾಣು ಅಲ್ಲಿನ ನೀರಾವರಿ ಕಾಲುವೆಯ ನೀರಿನಲ್ಲಿ ಸಿಕ್ಕಿತು. ಅಂದಿನಿಂದ ನಿಯಮಗಳು ಇನ್ನೂ ಬಿಗಿಯಾಗಿವೆ. ಹೊಲದಲ್ಲಿ ನಾಯಿಯ ಹೆಜ್ಜೆ ಕಂಡರೂ ಅದರ ಸುತ್ತಲಿನ ಬೆಳೆಯನ್ನು ಕೊಯ್ಯದೆ ಬಿಡಬೇಕಾಗುತ್ತದೆ. ಆದ್ದರಿಂದ ನಿಮ್ಮ ಚಪ್ಪಲಿಯ ಮಣ್ಣು ಒಬ್ಬ ರೈತನಿಗೆ ನಿಜವಾದ ನಷ್ಟ ತಂದೀತು. ವಿಮಾನದಿಂದ ಔಷಧಿ ಸಿಂಪಡಿಸುತ್ತಿದ್ದರೆ ಕಿಟಕಿ ಏರಿಸಿ ಅಲ್ಲಿಂದ ಹೊರಟುಬಿಡಿ.

ಕೊಯ್ಲಿನ ಗುಂಪನ್ನು ದೂರದಿಂದ ನೋಡಿ. ಬಾಗಿ ಒಂದೇ ಏಟಿಗೆ ಲೆಟ್ಯೂಸಿನ ಬುಡ ಕತ್ತರಿಸಿ, ಹೊರಗಿನ ಎಲೆ ತೆಗೆದು, ಹಿಂದೆ ಬರುವ ಯಂತ್ರದ ಪಟ್ಟಿಯ ಮೇಲಿಡುವ ಆ ವೇಗ ನೋಡುವಂಥದ್ದು. ಅವರಲ್ಲಿ ಬಹಳ ಮಂದಿ ಗಡಿಯಾಚೆಯ ಮೆಹಿಕಾಲಿಯ ನಿವಾಸಿಗಳು. ನಡುರಾತ್ರಿ ಕಳೆದು ಎರಡು ಮೂರು ಗಂಟೆಗೆ ಎದ್ದು, ಗಡಿಯ ಸಾಲಿನಲ್ಲಿ ನಿಂತು ದಾಟಿ, ಈಚೆಯ ಗಡಿ ಊರಾದ ಕಲೆಕ್ಸಿಕೊದಲ್ಲಿ ಬಸ್ಸು ಹತ್ತಿ ಬಂದಿರುತ್ತಾರೆ. ಮುಖ ಕಾಣುವಂತೆ ಅವರ ಫೋಟೊ ತೆಗೆಯುವುದು ಸಭ್ಯತೆಯಲ್ಲ. ನಮ್ಮ ಗದ್ದೆಯಲ್ಲಿ ನಾಟಿ ಹಾಕುತ್ತಿರುವವರ ಮುಖಕ್ಕೆ ಅಪರಿಚಿತನೊಬ್ಬ ಕ್ಯಾಮೆರಾ ಹಿಡಿದರೆ ನಮಗೆ ಹೇಗನ್ನಿಸೀತು?

ಇಲ್ಲಿ ಭಾರತೀಯರು ಬೇಸಾಯ ಮಾಡಿದ್ದರೆಂಬುದು ನಿಜವೇ?

ನಿಜ, ನೂರು ವರ್ಷಕ್ಕೂ ಹಿಂದಿನಿಂದ. 1910ರ ದಶಕದಲ್ಲಿ ಪಂಜಾಬಿನ ರೈತರು ಈ ಕಣಿವೆಗೆ ಬಂದು ಹತ್ತಿ ಬೆಳೆಯತೊಡಗಿದರು. ಪೌರತ್ವಕ್ಕೆ ಅರ್ಹರಲ್ಲದ ವಿದೇಶಿಯರು ಭೂಮಿ ಹೊಂದಬಾರದೆಂದು ಕ್ಯಾಲಿಫೋರ್ನಿಯಾ 1913ರಲ್ಲಿ ಕಾನೂನು ಮಾಡಿತು. ಭಾರತೀಯರು ಆ ಅರ್ಹತೆ ಇಲ್ಲದವರೆಂದು 1923ರಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು. ಊರಿನಿಂದ ಹೆಂಡತಿ ಮಕ್ಕಳನ್ನು ಕರೆತರಲೂ ಆಗದೆ, ಬಿಳಿಯ ಹೆಂಗಸರನ್ನು ಮದುವೆಯಾಗಲು ಕಾನೂನು ಬಿಡದೆ, ಅವರಲ್ಲಿ ಅನೇಕರು ಜೊತೆಯಲ್ಲಿ ಹೊಲಗೆಲಸ ಮಾಡುತ್ತಿದ್ದ ಮೆಕ್ಸಿಕನ್ ಕುಟುಂಬಗಳ ಹೆಣ್ಣುಮಕ್ಕಳನ್ನು ಮದುವೆಯಾದರು. ಸ್ಪ್ಯಾನಿಷ್ ಹೆಸರಿನ ಮುಂದೆ ಸಿಂಗ್ ಸೇರಿದ ಮಕ್ಕಳು ಚರ್ಚಿಗೆ ಹೋಗಿ ಬಂದು ಮನೆಯಲ್ಲಿ ತೊರ್ತಿಯಾದ ಜೊತೆ ಪಂಜಾಬಿ ಸಾರು ಉಂಡು ಬೆಳೆದರು. ಎಲ್ ಸೆಂಟ್ರೊದಲ್ಲಿ ಹಳೆಯದೊಂದು ಗುರುದ್ವಾರವಿದೆ.

ಇದೇ ಕಣಿವೆಯ ವೆಸ್ಟ್‌ಮೊರ್‌ಲ್ಯಾಂಡ್‌ನಲ್ಲಿ ಬೇಸಾಯ ಮಾಡುತ್ತಿದ್ದ ದಲೀಪ್ ಸಿಂಗ್ ಸೌಂಡ್ ಅವರ ಕಥೆಯನ್ನು ಮಕ್ಕಳಿಗೆ ಹೇಳಿ. ಬರ್ಕಲಿಯಲ್ಲಿ ಗಣಿತದಲ್ಲಿ ಪಿಎಚ್‌ಡಿ ಪಡೆದರೂ ತಕ್ಕ ಕೆಲಸ ಸಿಗದೆ ಹೊಲಕ್ಕಿಳಿದವರು ಅವರು. ಭಾರತೀಯರಿಗೆ ಪೌರತ್ವ ಕೊಡುವ ಕಾನೂನಿಗಾಗಿ ದುಡಿದರು. ಅದು 1946ರಲ್ಲಿ ಬಂತು, ಅವರು 1949ರಲ್ಲಿ ಪೌರರಾದರು, 1956ರಲ್ಲಿ ಅಮೆರಿಕದ ಸಂಸತ್ತಿಗೆ ಆಯ್ಕೆಯಾದರು. ಏಷ್ಯಾ ಮೂಲದವರಲ್ಲಿ ಆ ಸ್ಥಾನ ತಲುಪಿದ ಮೊದಲಿಗರು ಅವರೇ. ಇಂದು ವೀಸಾ ಹಿಡಿದು ಅಮೆರಿಕದಲ್ಲಿ ಕೆಲಸ ಮಾಡುವ ನಾವೆಲ್ಲ ಆ ರೈತರಿಗೆ ಋಣಿಗಳೆಂದು ನಾನು ನಂಬಿದ್ದೇನೆ.

ಯಾವ ದಾಖಲೆಗಳು ಜೊತೆಗಿರಬೇಕು?

ಗಡಿ ದಾಟದಿದ್ದರೂ ಪಾಸ್‌ಪೋರ್ಟ್, ಐ-94 ಎಂಬ ಪ್ರವೇಶ ದಾಖಲೆ ಅಥವಾ ಗ್ರೀನ್ ಕಾರ್ಡ್ ಜೊತೆಗಿರಲಿ. ಹದಿನೆಂಟು ದಾಟಿದ ವಿದೇಶಿಯರು ತಮ್ಮ ನೋಂದಣಿ ದಾಖಲೆಯನ್ನು ಸದಾ ಹೊಂದಿರಬೇಕೆಂಬುದು ಅಮೆರಿಕದ ಕಾನೂನು, ಈ ಭಾಗದಲ್ಲಿ ಅದನ್ನು ಕೇಳುವವರೂ ಇದ್ದಾರೆ. ಸ್ಯಾನ್ ಡಿಯಾಗೊ ಕಡೆಗೆ ಹಿಂದಿರುಗುವಾಗ ಪೈನ್ ವ್ಯಾಲಿಯ ಸಮೀಪ, ಉತ್ತರಕ್ಕೆ ಹೋಗುವಾಗ 86 ಮತ್ತು 111ನೇ ಹೆದ್ದಾರಿಗಳಲ್ಲಿ ಗಡಿ ಕಾವಲು ಪಡೆಯ ತಪಾಸಣಾ ಠಾಣೆಗಳಿವೆ. ಊರಿನಿಂದ ಬಂದ ತಂದೆ ತಾಯಿಯ ಪಾಸ್‌ಪೋರ್ಟನ್ನು ಮನೆಯ ಬೀರುವಿನಲ್ಲಿ ಬಿಟ್ಟು ಹೊರಡುವ ತಪ್ಪನ್ನು ನಾನೂ ಒಮ್ಮೆ ಮಾಡಿ, ಅರ್ಧ ದಾರಿಯಿಂದ ಹಿಂದಿರುಗಿದ್ದೇನೆ.

ಮೆಹಿಕಾಲಿಗೆ ಹೋಗಿಬರಬಹುದೇ?

ಊರ್ಜಿತವಾದ ಅಮೆರಿಕದ ವೀಸಾ ಅಥವಾ ಗ್ರೀನ್ ಕಾರ್ಡ್ ಇರುವ ಭಾರತೀಯರಿಗೆ ಪ್ರವಾಸಕ್ಕಾಗಿ ಮೆಕ್ಸಿಕೊದ ವೀಸಾ ಬೇಕಿಲ್ಲ. ಎಚ್-1ಬಿ ಎಂಬ ಉದ್ಯೋಗ ವೀಸಾದವರ ಮುದ್ರೆಯ ಅವಧಿ ಮುಗಿದು ಐ-94 ಮಾತ್ರ ಚಾಲ್ತಿಯಲ್ಲಿದ್ದರೆ ಮೂವತ್ತು ದಿನದೊಳಗೆ ಮರಳಿ ಬರಲು ಅಮೆರಿಕದ ನಿಯಮದಲ್ಲಿ ಅವಕಾಶವಿದೆ, ಆದರೆ ಆಗ ಮೆಕ್ಸಿಕೊದ ವೀಸಾ ಬೇಕಾಗುತ್ತದೆ. ಒಂದು ಸಲ ಮಾತ್ರ ಪ್ರವೇಶಿಸುವ ವೀಸಾದಲ್ಲಿ ಬಂದವರು ಹೋಗುವ ಮುನ್ನ ವಕೀಲರನ್ನು ಕೇಳಲೇಬೇಕು. ಕಾರನ್ನು ಕಲೆಕ್ಸಿಕೊದಲ್ಲೇ ನಿಲ್ಲಿಸಿ ನಡೆದು ದಾಟುವುದು ಸುಲಭ. ಅಮೆರಿಕದ ಕಾರು ವಿಮೆಯನ್ನು ಮೆಕ್ಸಿಕೊ ಒಪ್ಪುವುದಿಲ್ಲ. ಹಿಂದಿರುಗುವ ಸಾಲು ಗಂಟೆಗಟ್ಟಲೆ ಆಗಬಹುದು.

ಮೆಹಿಕಾಲಿ ಹತ್ತು ಲಕ್ಷ ಜನರ ಆಸುಪಾಸಿನ ದೊಡ್ಡ ನಗರ. ಇಪ್ಪತ್ತನೇ ಶತಮಾನದ ಆರಂಭದಲ್ಲಿ ಹೊಲಗೆಲಸಕ್ಕೆ ಬಂದ ಚೀನೀಯರ ನೆಲೆ ಲಾ ಚಿನೇಸ್ಕಾ ಎಂಬ ಹೆಸರಿನಲ್ಲಿ ಅಲ್ಲಿದೆ. ಆಚೆಯ ರೈತರ ದೂರೊಂದನ್ನೂ ತಿಳಿದಿರಬೇಕು: ಆಲ್ ಅಮೆರಿಕನ್ ಕಾಲುವೆಯ ಒಂದು ಭಾಗಕ್ಕೆ 2009ರ ಹೊತ್ತಿಗೆ ಕಾಂಕ್ರೀಟು ಹಾಸಿದ ಮೇಲೆ, ಮೊದಲು ಇಂಗಿ ಗಡಿಯಾಚೆಯ ಬಾವಿಗಳಿಗೆ ಹೋಗುತ್ತಿದ್ದ ನೀರು ನಿಂತಿತು. ಈಚೆ ಉಳಿತಾಯವೆಂದು ಬರೆದುಕೊಂಡ ನೀರು ಆಚೆಯವರ ಬೆಳೆಯಾಗಿತ್ತು.

ಕಾಲುವೆಯಲ್ಲಿ ಈಜಬಹುದೇ?

ಖಂಡಿತ ಕೂಡದು. ನೀರು ಶಾಂತವಾಗಿ ಕಂಡರೂ ಒಳಸೆಳೆತ ಬಲವಾಗಿದೆ, ಇಳಿಜಾರು ದಡದಲ್ಲಿ ಹಿಡಿತ ಸಿಗುವುದಿಲ್ಲ. ಆಲ್ ಅಮೆರಿಕನ್ ಕಾಲುವೆಯೊಂದರಲ್ಲೇ ನೂರಾರು ಜನ ಮುಳುಗಿ ಸತ್ತಿದ್ದಾರೆ. ನೀರಿನಲ್ಲಿ ಕೂರುವ ಆಸೆಯಿದ್ದರೆ ಊರಿನ ಪೂರ್ವಕ್ಕೆ, ಹೆದ್ದಾರಿಯ ಪಕ್ಕದ ಸರ್ಕಾರಿ ಜಾಗದಲ್ಲಿ ಬಿಸಿನೀರಿನ ತೊಟ್ಟಿಗಳಿವೆ. ಚಳಿಗಾಲ ಕಳೆಯಲು ಉತ್ತರದಿಂದ ಮನೆ-ವಾಹನಗಳಲ್ಲಿ ಬಂದು ಹತ್ತಿರದಲ್ಲೇ ಬೀಡುಬಿಡುವ ವೃದ್ಧರು ಅಲ್ಲಿ ಸೇರುತ್ತಾರೆ. ಸೋಪು, ಗಾಜಿನ ಬಾಟಲಿ ಒಯ್ಯಬಾರದು.

ಸುತ್ತಮುತ್ತ ಇನ್ನೇನು ನೋಡಬಹುದು?

ಪೂರ್ವಕ್ಕೆ ಆಲ್ಗೊಡೊನೆಸ್ ಮರಳುದಿಬ್ಬಗಳು ಸುಮಾರು 70 ಕಿಲೋಮೀಟರ್ ಉದ್ದಕ್ಕೆ ಚಾಚಿವೆ. 78ನೇ ಹೆದ್ದಾರಿಯ ಉತ್ತರ ಭಾಗದಲ್ಲಿ ವಾಹನಗಳಿಗೆ ಪ್ರವೇಶವಿಲ್ಲ, ನಡೆದು ನೋಡುವವರಿಗೆ ಅದೇ ಸರಿಯಾದ ಜಾಗ. ಎಂಟನೇ ಹೆದ್ದಾರಿಯ ಪಕ್ಕದಲ್ಲಿ 1910ರ ದಶಕದಲ್ಲಿ ಮರಳಿನ ಮೇಲೆ ಹಲಗೆ ಹಾಸಿ ಮಾಡಿದ ರಸ್ತೆಯ ಅವಶೇಷವಿದೆ. ಉತ್ತರಕ್ಕೆ ಹೋದರೆ ಕ್ಯಾಲಿಪಾಟ್ರಿಯಾದಲ್ಲಿ 184 ಅಡಿಯ ಧ್ವಜಸ್ತಂಭವಿದೆ. ಊರು ಅಷ್ಟೇ ಅಡಿ ಸಮುದ್ರಮಟ್ಟಕ್ಕಿಂತ ಕೆಳಗಿರುವುದರಿಂದ ಬಾವುಟ ಹಾರುವುದು ಸರಿಯಾಗಿ ಸಮುದ್ರದ ಮಟ್ಟದಲ್ಲಿ. ಸಾಲ್ಟನ್ ಸರೋವರ ವರ್ಷದಿಂದ ವರ್ಷಕ್ಕೆ ಕುಗ್ಗುತ್ತಿದ್ದು, ಒಣಗಿದ ತಳದ ಧೂಳು ಸುತ್ತಲಿನ ಮಕ್ಕಳ ಉಸಿರಾಟಕ್ಕೆ ತೊಂದರೆ ಕೊಡುತ್ತಿದೆ. ಆದರೂ ಚಳಿಗಾಲದಲ್ಲಿ ಅದರ ದಂಡೆಗೆ ಬಿಳಿಯ ಹೆಬ್ಬಾತುಗಳು ಸಾವಿರಗಟ್ಟಲೆ ಇಳಿಯುವುದನ್ನು ನೋಡಲೇಬೇಕು. ಹೊಲಗಾಲುವೆಯ ಏರಿಗಳಲ್ಲಿ ಹಗಲಲ್ಲೇ ಬಿಲದ ಬಾಯಿಗೆ ನಿಂತಿರುವ ಪುಟ್ಟ ಗೂಬೆಗಳನ್ನು ಕಾರಿನಿಂದ ಇಳಿಯದೆ ನೋಡಿ.

ಭೂಕಂಪದ ಭಯವಿದೆಯೇ?

ಕಣಿವೆ ಬಿರುಕುವಲಯದ ಮೇಲೆಯೇ ಇದೆ. 1940ರ ಮೇ 18ರ ಭೂಕಂಪದ ಅಲುಗಾಟವನ್ನು ಎಲ್ ಸೆಂಟ್ರೊದಲ್ಲಿ ಉಪಕರಣವೊಂದು ದಾಖಲಿಸಿತು. ನಮ್ಮ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಕಟ್ಟಡ ವಿನ್ಯಾಸ ಓದಿದವರು ಬಳಸಿದ 'ಎಲ್ ಸೆಂಟ್ರೊ' ದಾಖಲೆ ಅದೇ. ಹೆದರಬೇಕಿಲ್ಲ, ನೆಲ ನಡುಗಿದರೆ ಗಾಜು ಮತ್ತು ಎತ್ತರದ ಕಪಾಟುಗಳಿಂದ ದೂರ ಸರಿಯಿರಿ.

ಊರಿನ ಸ್ಮಶಾನದ ಬಗ್ಗೆ ಕೇಳಿದ್ದೇವೆ. ಅಲ್ಲಿಗೆ ಹೋಗಬಹುದೇ?

ಟೆರೇಸ್ ಪಾರ್ಕ್ ಸ್ಮಶಾನದ ಹಿಂಭಾಗದ ಬರಿಮಣ್ಣಿನಲ್ಲಿ, ಗಡಿ ದಾಟುವಾಗ ಮರುಭೂಮಿಯಲ್ಲೋ ಕಾಲುವೆಯಲ್ಲೋ ಸತ್ತು ಗುರುತು ಸಿಗದೆ ಉಳಿದ ನೂರಾರು ಜನರ ಸಮಾಧಿಗಳಿವೆ. ಹೆಸರಿನ ಬದಲು ಇಟ್ಟಿಗೆಯಷ್ಟು ದೊಡ್ಡ ಗುರುತು ಮಾತ್ರ ಇದೆ. ಸ್ವಯಂಸೇವಕರು 'ಮರೆತಿಲ್ಲ' ಎಂದು ಸ್ಪ್ಯಾನಿಷಿನಲ್ಲಿ ಬರೆದ ಮರದ ಶಿಲುಬೆಗಳನ್ನು ನೆಟ್ಟು ಹೋಗುತ್ತಿದ್ದರು. ಆ ಭಾಗಕ್ಕೆ ಮುಕ್ತ ಪ್ರವೇಶವಿಲ್ಲ, ಕಚೇರಿಯಲ್ಲಿ ಅನುಮತಿ ಕೇಳಬೇಕು. ಸಿಕ್ಕರೆ ಕ್ಯಾಮೆರಾವನ್ನು ಕಾರಿನಲ್ಲಿಟ್ಟು ಹೋಗಿ. ಸಿಗದಿದ್ದರೆ ಹೊರಗಿನಿಂದಲೇ ಕೈಮುಗಿಯಿರಿ.

ತರಕಾರಿ ಕೊಂಡು ತರಬಹುದೇ?

ಹೋಲ್ಟ್‌ವಿಲ್‌ನಿಂದ ಸ್ಯಾನ್ ಡಿಯಾಗೊಗೆ ತರಲು ಅಡ್ಡಿಯಿಲ್ಲ. ಅರಿಜೋನಾದಿಂದ ಬರುವವರ ಕಾರನ್ನು ಮಾತ್ರ ಕ್ಯಾಲಿಫೋರ್ನಿಯಾದ ಕೃಷಿ ತಪಾಸಣಾ ಠಾಣೆಯಲ್ಲಿ ನಿಲ್ಲಿಸಿ ಹಣ್ಣು, ಗಿಡಗಳ ಬಗ್ಗೆ ಕೇಳುತ್ತಾರೆ, ಮೆಕ್ಸಿಕೊದಿಂದ ತಂದದ್ದನ್ನು ಗಡಿಯಲ್ಲಿ ಕಡ್ಡಾಯವಾಗಿ ತಿಳಿಸಬೇಕು. ಊರಿನ ಆಸುಪಾಸಿನಲ್ಲಿ ಖರ್ಜೂರವೂ ಬೆಳೆಯುತ್ತದೆ, ಮೆಜೂಲ್ ಎಂಬ ದಪ್ಪ ತಳಿ. ಗಜ್ಜರಿ ಕೊಳ್ಳುವಾಗ ಸೊಪ್ಪು ಇರುವ ಕಟ್ಟನ್ನೇ ಕೇಳಿ, ಮನೆಗೆ ಬಂದ ಕೂಡಲೇ ಸೊಪ್ಪನ್ನು ಬೇರೆ ಮಾಡಿ ಇಡಿ. ಹಾಗೆಯೇ ಬಿಟ್ಟರೆ ಅದು ಗಡ್ಡೆಯ ನೀರನ್ನು ಹೀರಿ ಗಜ್ಜರಿಯನ್ನು ಬಾಡಿಸುತ್ತದೆ.